ಗುಡಿ ಗೋಡೆಯ ಸಿಂಹ ಕದಂಬರ ಲಾಂಛನ ಹೌದೋ ಅಲ್ಲೋ? ಬಣ್ಣ ಹಚ್ಚೂ ಮೊದಲ ತಿಳದವರು ಹೇಳ್ರಿ

ಮಲಪ್ರಭಾ ದಂಡಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಕಿತ್ತೂರು ಮತ್ತ ಖಾನಾಪುರದ ನಡುವಿನ ಸಣ್ಣ ಹಳ್ಳಿ. ಊರ ಹೆಸರು ಸದ್ಯಕ್ಕ ಬರಿಯೂದಿಲ್ಲ, ಯಾಕಂದ್ರ ಗುಡಿಗೆ ರಾತ್ರಿ ಕಾವಲಿಲ್ಲ. ಹಳೇ ಈಶ್ವರ ಗುಡಿ. ಗರ್ಭಗುಡಿ, ಅಂತರಾಳ, ಮುಂದ ನಾಲ್ಕು ತಿರುಗಣಿ ಕಂಬದ ನವರಂಗ (ನಡುವಿನ ಮಂಟಪ). ಹೊರಗೋಡ್ಯಾಗ, ಬಾಗಲದ ಬಲಕ್ಕ ಒಂದು ಸಿಂಹದ ಕಲ್ಲೈತಿ. ಮುಂದಿನ ಒಂದು ಕಾಲು ಎತ್ತೇತಿ, ಬಾಯಿ ತಗದೇತಿ, ಬಾಲ ಬೆನ್ನ ಮ್ಯಾಲ ಸುತ್ತಿ ಬಂದೇತಿ. ವರ್ಷಾ ಸುಣ್ಣ ಬಳದು ಬಳದು ಕೇಸರ ಅರ್ಧ ಮುಚ್ಚಿ ಹೋಗೇತಿ. ಅದರ ಎಡಕ್ಕ ಒಂದು ಉದ್ದ ಕಲ್ಲಿನ ಮ್ಯಾಲ ಅಕ್ಷರ ಇದ್ಹಂಗ ಕಾಣ್ತಾವ, ಅವೂ ಸುಣ್ಣದ ಕೆಳಗ.

ಈ ಸಲ ಜಾತ್ರಿಗೆ ಮಹಾದ್ವಾರ ಕಟ್ಟಸಾಕತ್ತಾರ. ಸಿಂಹಕ್ಕ ಬಂಗಾರ ಬಣ್ಣದ ಆಯಿಲ್ ಪೇಂಟ್ ಹಚ್ಚೂದು, ಅದೇ ಸಿಂಹನ ಸಿಮೆಂಟಿನಾಗ ಮಾಡಿಸಿ ಮಹಾದ್ವಾರದ ನೆತ್ತಿಗೆ ಕೂಡಿಸೂದು, ಕೆಳಗ ‘ಕದಂಬ ಅರಸರು ಕಟ್ಟಿಸಿದ ದೇವಸ್ಥಾನ’ ಅಂತ ಬರಸೂದು ಅಂತ ಕಮಿಟಿಯಾಗ ಮಾತಾಗೇತಿ. ಮಂದಿಗೆ ಭಾಳ ಹುರುಪೈತಿ, ನನಗೂ ಐತಿ. ಆದ್ರ ಕಲ್ಲಿನ ಮ್ಯಾಲ ಒಮ್ಮೆ ಬರದ್ರ ನಮ್ಮ ಮಕ್ಕಳು ಮೊಮ್ಮಕ್ಕಳು ಅದನ್ನ ಖರೇ ಅಂತ ಓದತಾರ. ಅದಕ್ಕ ಕೇಳಾಕತ್ತೇನಿ: ಇದು ಕದಂಬರ ಲಾಂಛನ ಹೌದೇನ್ರಿ? ಮತ್ತ ಪೇಂಟ್ ಹಚ್ಚಿದ್ರ ಕಲ್ಲಿಗೆ ಏನರ ಆಗತೈತೇನು?

ಶಾಸನದ ಓದು (ಧಾರವಾಡ)

ನೀವು ಹೇಳಿದ ಭಂಗಿ ಗೋವೆಯ ಕದಂಬರ ಚಿನ್ನದ ನಾಣ್ಯದ ಸಿಂಹಕ್ಕೆ ಹತ್ತಿರವೇ ಇದೆ. ಆ ನಾಣ್ಯಗಳಲ್ಲಿ ಸಿಂಹದ ಜೊತೆಗೆ ‘ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂಬ ಬರಹ ಇರುತ್ತದೆ. ಶಾಸನಗಳಲ್ಲಿ ಅವರ ಬಿರುದಾವಳಿ ಹೀಗೆ ಬರುತ್ತದೆ: ಬನವಾಸಿ ಪುರವರಾಧೀಶ್ವರ, ಸಿಂಹ ಲಾಂಛನ, ವಾನರ ಧ್ವಜ, ಪೆರ್ಮಟ್ಟಿ ತೂರ್ಯ ನಿರ್ಘೋಷಣ. ಅಂದರೆ ಮುದ್ರೆಗೆ ಸಿಂಹ, ಬಾವುಟಕ್ಕೆ ಕೋತಿ, ಮೆರವಣಿಗೆಯ ಮುಂದೆ ಬಾರಿಸುವ ವಾದ್ಯ ಪೆರ್ಮಟ್ಟಿ. ಈ ಮೂರೂ ಒಟ್ಟಿಗೆ ಒಂದು ಮನೆತನದ ಗುರುತು.

ಆದರೆ ಸಿಂಹ ಕಂಡ ಕೂಡಲೇ ಕದಂಬ ಎನ್ನಬೇಡಿ. ಸಿಂಹ ಇಲ್ಲದ ಹಳೆಯ ಗುಡಿ ನಮ್ಮಲ್ಲಿ ಸಿಗುವುದೇ ಕಷ್ಟ. ಶಿಖರದ ಮುಂದಿನ ಶುಕನಾಸಿಯ ಮೇಲೆ ಸಿಂಹ, ಅಧಿಷ್ಠಾನದ (ಗುಡಿಯ ಬುಡದ ಜಗಲಿಯ) ಪಟ್ಟಿಕೆಯಲ್ಲಿ ಸಿಂಹದ ಸಾಲು, ಕಕ್ಷಾಸನದ (ಮಂಟಪದ ಅಂಚಿನ ಒರಗು ಕಲ್ಲುಬೆಂಚಿನ) ಹೊರಮೈಯಲ್ಲಿ ಸಿಂಹ, ಮೆಟ್ಟಿಲ ಕಟಾಂಜನದಲ್ಲಿ ಸಿಂಹ, ಬಾಗಿಲ ಮೇಲೆ ಕೀರ್ತಿಮುಖ. ಇವೆಲ್ಲ ಶಿಲ್ಪಿಗಳ ಪರಂಪರೆಯಿಂದ ಬಂದವು, ಯಾವ ಅರಸನ ಆಳ್ವಿಕೆಯಲ್ಲಾದರೂ ಕೆತ್ತುತ್ತಿದ್ದರು.

ನಿಮ್ಮ ಸೀಮೆ ಇನ್ನೂ ತೊಡಕಿನದು. ಹಲಸಿ ಹನ್ನೆರಡು ಸಾವಿರ ಎಂಬ ನಾಡು ಗೋವೆಯ ಕದಂಬರದು. ಪೂರ್ವಕ್ಕೆ ಸವದತ್ತಿಯ ರಟ್ಟರು. ಅವರ ಬಿರುದುಗಳು ಬೇರೆ: ಲತ್ತನೂರು ಪುರವರಾಧೀಶ್ವರ, ಸಿಂಧೂರ (ಆನೆ) ಲಾಂಛನ, ಸುವರ್ಣ ಗರುಡ ಧ್ವಜ, ತ್ರಿವಳಿ ತೂರ್ಯ. ಬೆಳಗಾವಿ ಮೊದಲು ಕದಂಬರ ಕೈಯಲ್ಲಿತ್ತು, ಆಮೇಲೆ ರಟ್ಟರಿಗೆ ಹೋಯಿತು. 1204ರಲ್ಲಿ ಬೆಳಗಾವಿ ಕೋಟೆಯ ಬಸದಿಗೆ ದತ್ತಿ ಬಿಡುವ ಹೊತ್ತಿಗೆ ಆಳುತ್ತಿದ್ದವನು ರಟ್ಟರ ನಾಲ್ಕನೆಯ ಕಾರ್ತವೀರ್ಯ, ಬಸದಿ ಕಟ್ಟಿಸಿದವನು ಅವನ ಮಂತ್ರಿ ಬೀಚಿರಾಜ. ಇವರೆಲ್ಲರ ಮೇಲೆ ಕಲ್ಯಾಣದ ಚಾಲುಕ್ಯರು, ಅವರ ಲಾಂಛನ ವರಾಹ. ಗಡಿ ಹೀಗೆ ಸರಿದಾಡಿದ ಜಾಗದಲ್ಲಿ ಒಂದು ಪ್ರಾಣಿಯ ಮೇಲೆ ಇಡೀ ಗುಡಿಯ ಇತಿಹಾಸ ನಿಲ್ಲಿಸಲು ಬರುವುದಿಲ್ಲ.

ಸುಣ್ಣದ ಕೆಳಗಿನ ಆ ಅಕ್ಷರಗಳೇ ನಿಮ್ಮ ನಿಜವಾದ ಆಸ್ತಿ. ದಯವಿಟ್ಟು ಅದನ್ನು ಕೆರೆಯಬೇಡಿ.

ಬಾರಾಕಮಾನ್ (ವಿಜಯಪುರ)

ಮೇಲಿನವರ ಮಾತಿಗೆ ನಮ್ಮೂರಿಂದ ಒಂದು ಸಾಕ್ಷಿ ಕೊಡ್ತೀನ್ರಿ. ನಮ್ಮ ಶೇರ್ಜಾ ಬುರುಜಿಗೆ ಆ ಹೆಸರು ಬಂದಿದ್ದ ಅದರ ಮ್ಯಾಲಿನ ಸಿಂಹದ ಉಬ್ಬು ಕೆತ್ತನಿಯಿಂದ. ಬುರುಜಿನ ಮ್ಯಾಲ ಮಲಿಕ್-ಎ-ಮೈದಾನ್ ತೋಪು. ಬಾಯಿ ಸಿಂಹದ್ದು, ಹಲ್ಲಿನ ನಡುವ ಆನಿ. ಬಂದವರೆಲ್ಲಾ ‘ಆದಿಲ್‌ಶಾಹಿ ಲಾಂಛನ ಎಷ್ಟ ಗತ್ತಿನಿಂದ ಐತಿ’ ಅಂತಾರ. ಆದ್ರ ಆ ತೋಪು ಎರಕಾಗಿದ್ದು 1549ರಾಗ, ಅಹಮದ್‌ನಗರದಾಗ, ನಿಜಾಮಶಾಹಿಯವರಿಗೆ. ಎರಕ ಹೊಯ್ದವ ಮಹಮ್ಮದ್ ಬಿನ್ ಹುಸೇನ್ ರೂಮಿ. ಪರಾಂಡಾ ಕೋಟೆಯಿಂದ ನಮ್ಮೂರಿಗೆ ಬಂದಿದ್ದು 1632ರಾಗ. ಆದಿಲ್‌ಶಾಹಿಯವರು ಗೆದ್ದು ತಂದ ಮಾಲು ಅದು. 1686ರಾಗ ಔರಂಗಜೇಬ ವಿಜಯಪುರ ಹಿಡಕೊಂಡ ಮ್ಯಾಲ ಅದೇ ತೋಪಿನ ಮ್ಯಾಲ ತನ್ನ ಗೆಲುವಿನ ಬರಹ ಕೆತ್ತಿಸಿದ.

ನೋಡ್ರಿ, ಒಂದ ಕಂಚಿನ ತುಂಡು, ಮೂರು ಒಡೆತನ. ಸಿಂಹ ಮಾತ್ರ ಹಂಗ ಐತಿ. ಬರಹ ಇರಲಿಲ್ಲಂದ್ರ ಆ ಸಿಂಹ ಯಾರದು ಅಂತ ಯಾರಿಗೂ ಹೇಳಾಕ ಆಗತಿರಲಿಲ್ಲ. ಬೀದರಿಗೆ ಹೋದ್ರ ಅಲ್ಲೂ ಶರ್ಜಾ ದರವಾಜಾ ಐತಿ, 1503ರ ಬಹಮನಿ ಕಾಲದ್ದು, ಅಲ್ಲೂ ಜೋಡಿ ಪ್ರಾಣಿ. ದಖ್ಖನ್ನಿನಾಗ ಕೋಟಿ ಬಾಗಲಕ್ಕ, ಬುರುಜಿಗೆ ಹುಲಿ ಸಿಂಹ ಕೂಡಸೂದು ಎಲ್ಲಾ ಮನೆತನದವರ ಪದ್ಧತಿ. ಎದುರು ಬಂದವಗ ಎದಿ ಝಲ್ಲನಬೇಕು, ಅದರ ಉದ್ದೇಶ ಅದ.

ನಾನು ದಿನಾ ಪ್ರವಾಸಿಗರನ್ನ ಕರಕೊಂಡು ಅಡ್ಡಾಡೂವವ. ತಪ್ಪು ಬೋರ್ಡು ಒಮ್ಮೆ ನಿಂತ್ರ ಅದನ್ನ ಮಂದಿಯ ತಲಿಯಿಂದ ತಗಿಯೂದು ಎಷ್ಟ ಕಷ್ಟ ಅಂತ ಭಾಳ ನೋಡೇನಿ.

ಗುಡಿ ಸೇವಕ

ನಾನೂ ಅದೇ ಊರಾವ, ಕಮಿಟಿಯಾಗ ಇದ್ದೇನಿ. ದಂಡಿಯವರು ಇಲ್ಲಿ ಬರದಿದ್ದು ಒಳ್ಳೇದ ಆತು, ನನ್ನ ಮಾತೂ ಕೇಳ್ರಿ. ನಮ್ಮ ಗುಡಿ ಸಂಗ್ರಹಾಲಯ ಅಲ್ಲ. ಅಲ್ಲಿ ದಿನಾ ಪೂಜಿ ಆಗತೈತಿ, ಲಗ್ನದ ಅಕ್ಕಿಕಾಳು ಬೀಳತಾವ, ಕೂಸಿಗೆ ಜವಳ ತಗಸ್ತಾರ. ಸುಣ್ಣ ಬಣ್ಣ ಹಚ್ಚೂದು ನಮ್ಮ ಅಜ್ಜನ ಕಾಲದಿಂದ ನಡದು ಬಂದ ಸೇವೆ. ಅದನ್ನ ಹಾಳು ಮಾಡೂದು ಅಂತ ಯಾರರ ಅಂದ್ರ ಮನಸಿಗೆ ನೋವಾಗತೈತಿ. ಮತ್ತ ನಮ್ಮ ಭಾಗದ ಇತಿಹಾಸ ಯಾರು ಕೇಳ್ಯಾರ್ರಿ? ಹಂಪಿ, ಬೇಲೂರು ಅಂತ ಎಲ್ಲಾರೂ ಓಡತಾರ. ಗೋವಾದ ಸರ್ಕಾರಿ ಬಸ್ಸಿನ ಮ್ಯಾಲ ಕದಂಬ ಅಂತ ಹೆಸರೈತಿ, ಕಾರವಾರದ ನೌಕಾನೆಲಿಗೆ ಕದಂಬ ಅಂತ ಹೆಸರೈತಿ. ಅವರು ಆಳಿದ ಹಲಸಿ ಪಕ್ಕದಾಗಿನ ನಮ್ಮೂರಿಗೆ ಒಂದು ಕಮಾನು ಬ್ಯಾಡೇನು?

ಬಾದಾಮಿ ಬಾಯಿ

ಸೇವಕ ಅಣ್ಣಾರ, ನಿಮ್ಮ ಮಾತಿನಾಗ ಹುಳುಕಿಲ್ಲ. ನಮ್ಮ ಗುಡಿಗಳು ಇಷ್ಟು ವರ್ಷ ಉಳದಿದ್ದ ಪೂಜಿ ನಡದಿದ್ದಕ್ಕ. ನಾನು ಬಾದಾಮಿ ಸುತ್ತಲಿನ ಸಾಲಿಯೊಳಗ ಇತಿಹಾಸ ಕಲಸ್ತೇನಿ, ಪೂಜಿ ನಿಂತ ಗುಡಿಯಾಗ ದನಾ ಕಟ್ಟಿದ್ದೂ ನೋಡೇನಿ.

ಲಾಂಛನದ ಬಗ್ಗೆ ಒಂದು ಮಾತು ಸೇರಸ್ತೇನಿ. ಬಾದಾಮಿ ಚಾಲುಕ್ಯರ ಶಾಸನದಾಗ ಅವರಿಗೆ ವರಾಹ ಲಾಂಛನ ನಾರಾಯಣನ ಪ್ರಸಾದದಿಂದ ಬಂತು ಅಂತ ಮತ್ತ ಮತ್ತ ಹೇಳ್ಯಾರ. ಅವರ ತಾಮ್ರಪಟದ ಮುದ್ರೆಯಾಗ ವರಾಹ ಪೂರಾ ಪ್ರಾಣಿರೂಪದಾಗ ನಿಂತಿರತೈತಿ. ಈಗ ಮೂರನೇ ಗುಹೆಗೆ ಬರ್ರಿ. ಅಲ್ಲಿ ಶಕ 500ರ, ಅಂದ್ರ ಕ್ರಿ.ಶ. 578ರ ಮಂಗಳೇಶನ ಶಾಸನ ಐತಿ. ಅಲ್ಲಿನ ವರಾಹ ಬ್ಯಾರೆ. ಮನುಷ್ಯನ ಮೈ, ಹಂದಿಯ ಮುಖ, ಭೂದೇವಿಯನ್ನ ಎತ್ತಿ ಹಿಡದ ಅವತಾರಮೂರ್ತಿ. ಅರಸನ ಮನಸಿನಾಗ ಎರಡೂ ಒಂದಕ್ಕೊಂದು ಕೂಡಿರಬಹುದು, ನಾವು ಬಲಶಾಲಿ ಆಗಿದ್ದು ಇವನ ದಯೆಯಿಂದ ಅನ್ನೂ ಭಾವನೆ ಅಲ್ಲಿ ಇರಬಹುದು. ಆದ್ರೂ ಗುಹೆಯಾಗ ನಾವು ಕೈ ಮುಗಿಯೂದು ದೇವರಿಗೆ. ದಾನಪತ್ರದ ಮುದ್ರೆ ಅರಸನ ಸಹಿ. ನಮ್ಮ ಮಕ್ಕಳಿಗೆ ನಾನು ಇವೆರಡನ್ನ ಬ್ಯಾರೆ ಬ್ಯಾರೆ ಚಿತ್ರ ತೋರಿಸಿ ಕಲಸ್ತೇನಿ.

ನಿಮ್ಮ ಸಿಂಹದ ಮುಂದ ಮನುಷ್ಯಾ ಇದ್ದಾನೇನು? ಕಾಲ ಕೆಳಗ ಆನಿ ಐತೇನು? ಒಂದ ಸಿಂಹ ಅದಾವೋ ಜೋಡಿ ಅದಾವೋ? ಇವಿಷ್ಟು ಹೇಳ್ರಿ. ಆನಿಯ ಮ್ಯಾಲ ಎರಗಿದ ಸಿಂಹ ಆದ್ರ ಅದು ಎಲ್ಲಾ ಕಡೆ ಸಿಗೂ ಶಿಲ್ಪ.

ಮಲಪ್ರಭಾ ದಂಡಿ

ಮುಂಜಾನೆ ಹೋಗಿ ನೋಡಿ ಬಂದೆ ಅಕ್ಕಾರ. ಒಂದ ಸಿಂಹ, ಎಡಕ್ಕ ಮುಖ ಮಾಡೇತಿ. ಆನಿ ಇಲ್ಲ, ಮನುಷ್ಯಾ ಇಲ್ಲ. ಸುತ್ತ ಒಂದು ಚೌಕಟ್ಟಿನಂಥ ಗೆರಿ ಐತಿ, ಆದ್ರ ಬಲಗಡೆ ಚೌಕಟ್ಟು ಪೂರಾ ಇಲ್ಲ, ಕತ್ತರಿಸಿದಂಗ ನಿಂತೇತಿ. ಫೋಟೋ ಹಾಕೇನಿ, ಊರು ಗೊತ್ತಾಗೂ ಭಾಗ ತಗದೇನಿ.

ಚಾಣದ ಗೆರಿ (ಖಾನಾಪುರ)

ಫೋಟೋ ದೊಡ್ಡದು ಮಾಡಿ ನೋಡಿದೆ. ನಾನು ಕಲ್ಲಿನ ಕೆಲಸದಾವ, ನಮ್ಮಪ್ಪನೂ ಅದ. ಶಾಸನ ನನಗ ಬರೂದಿಲ್ಲ, ಗೋಡಿ ಬರತೈತಿ. ಅದಕ್ಕ ಗೋಡಿ ಬಗ್ಗೆ ಹೇಳ್ತೇನಿ.

ಈ ಸಿಂಹದ ಕಲ್ಲು ಈ ಗೋಡಿಗೆ ಹುಟ್ಟಿದ್ದಲ್ಲ.

ಮೊದಲನೇದು, ಥರ (ಕಲ್ಲಿನ ಸಾಲು) ನೋಡ್ರಿ. ಎಡಗಡೆ ಮೂರು ಥರ ಒಂದ ಎತ್ತರದಾಗ ಬಂದಾವ, ಸಂದಿನಾಗ ಗಚ್ಚು ಇಲ್ಲ, ಕಲ್ಲಿಗೆ ಕಲ್ಲು ಕೂಡೇತಿ. ಸಿಂಹದ ಕಲ್ಲಿನ ಹಂತಕ್ಕ ಬಂದ ಕೂಡಲೇ ಥರ ಮುರೀತು. ಮ್ಯಾಲ ತೆಳ್ಳನ ಚಿಪ್ಪುಕಲ್ಲು ತುರುಕ್ಯಾರ, ಸಂದಿಗೆ ಸುಣ್ಣದ ಗಾರೆ ತುಂಬ್ಯಾರ. ಎರಡನೇದು, ಕಲ್ಲಿನ ಜಾತಿ. ಗೋಡಿ ಕಲ್ಲು ಒರಟು ಕರಿಕಲ್ಲು. ಸಿಂಹದ್ದು ಸುಣ್ಣ ಉದುರಿದ ಜಾಗದಾಗ ಹಸರು ಕಪ್ಪು ಬಣ್ಣ ಹೊಡಿಯಾಕತ್ತೇತಿ, ನುಣುಪೈತಿ. ಅದು ಬಳಪದ ಕಲ್ಲು. ನಿಮ್ಮ ತಿರುಗಣಿ ಕಂಬನೂ ಅದ ಜಾತಿ ಇರಬೇಕು. ಖಣಿಯಿಂದ ತಗದಾಗ ಚಾಣಕ್ಕ ಮೆತ್ತಗ ಸಿಗತೈತಿ, ಗಾಳಿ ಬಿಸಲಿಗೆ ಇಟ್ಟ ಮ್ಯಾಲ ಗಟ್ಟಿ ಆಗತೈತಿ, ಅದಕ್ಕ ಅಷ್ಟು ಸಣ್ಣ ಕೆತ್ತನಿ ಅದರಾಗ ಮಾಡ್ಯಾರ. ಮೂರನೇದು ನೀವ ಹೇಳಿದ್ದು, ಬಲಗಡೆ ಚೌಕಟ್ಟು ಕತ್ತರಿಸೇತಿ. ಕೆತ್ತಿದವ ಹಂಗ ಬಿಡೂದಿಲ್ಲ. ಆ ಕಡೆ ಇನ್ನೊಂದು ಕಲ್ಲು ಕೂಡತಿತ್ತು.

ಕಕ್ಷಾಸನದ ಹೊರಗಿನ ಪಟ್ಟಿಯಾಗ ಹಿಂಗ ಚೌಕಟ್ಟು ಹಾಕಿ ಒಂದರ ಪಕ್ಕಕ್ಕೊಂದು ಪ್ರಾಣಿ ಕೆತ್ತೂದು ಇರತೈತಿ. ನಿಮ್ಮ ನವರಂಗದ ಮುಂದ ಮೊದಲ ಮುಖಮಂಟಪ ಇತ್ತೇನು? ನೆಲದಾಗ ಕಂಬದ ಬುಡದ ಕುಳಿ ಕಾಣತಾವೇನು? ಮತ್ತ ಊರಾಗ ಸುತ್ತಲ ನೋಡ್ರಿ. ಬಾವಿ ಕಟ್ಟಿ, ಹಳೇ ವಾಡೆದ ಹೊಸ್ತಿಲ, ಅರಿವಿ ಒಗಿಯೂ ಕಲ್ಲು. ಇದರ ಜೋಡಿ ಕಲ್ಲು ಅಲ್ಲೆಲ್ಲರ ಬೋರಲ ಬಿದ್ದಿರತಾವ.

ಶಾಸನದ ಓದು (ಧಾರವಾಡ)

ಚಾಣದ ಗೆರಿಯವರೇ, ಇದು ಇಡೀ ಚರ್ಚೆಯನ್ನು ಬೇರೆ ಕಡೆ ತಿರುಗಿಸಿತು. ಯಾವ ಅರಸನದು ಎನ್ನುವುದಕ್ಕಿಂತ ಮೊದಲು ಯಾವ ಕಟ್ಟಡದ ಯಾವ ಭಾಗದ ಕಲ್ಲು ಎಂದು ಕೇಳಬೇಕು. ಸಾಲಿನಲ್ಲಿ ಸಿಂಹ, ಆನೆ, ಹಂಸ, ಮಕರ ಒಂದರ ಪಕ್ಕ ಒಂದು ಇದ್ದರೆ ಅದು ಅಲಂಕಾರದ ಪಟ್ಟಿ. ಅಕ್ಕಪಕ್ಕದ ಕಲ್ಲು ಸಿಗುವವರೆಗೂ ಒಂಟಿ ಸಿಂಹ ಲಾಂಛನದ ಹಾಗೆಯೇ ಕಾಣುತ್ತದೆ.

ಹೋಲಿಕೆಗೆ ದೂರ ಹೋಗಬೇಕಿಲ್ಲ, ದೇಗಾಂವಿಯ ಕಮಲನಾರಾಯಣ ಗುಡಿಯೇ ನಿಮಗೆ ಹತ್ತಿರ. ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ್ದು, ಶಿಲ್ಪಿ ತಿಪ್ಪೋಜ. ಮೂರು ಗರ್ಭಗುಡಿಗಳು ಸಾಲಾಗಿ ಇವೆ. ಅಲ್ಲಿಯ ಸಿಂಹಗಳನ್ನು ಕದಂಬರೊಂದಿಗೆ ಸೇರಿಸಿ ಧೈರ್ಯವಾಗಿ ಮಾತಾಡಬಹುದು, ಏಕೆಂದರೆ ಕಟ್ಟಿಸಿದ ರಾಣಿಯ ಹೆಸರು, ಅರಸನ ಹೆಸರು, ಶಿಲ್ಪಿಯ ಹೆಸರು ಎಲ್ಲ ಶಾಸನದಲ್ಲಿದೆ. ಅಲ್ಲಿ ಅರಮನೆಯೇ ಗುಡಿ ಕಟ್ಟಿಸಿದೆ. ನಿಮ್ಮದು ಒಬ್ಬ ಗಾವುಂಡನೋ (ಊರ ಗೌಡ), ಸೆಟ್ಟಿಗಳ ಗುಂಪೋ ಕಟ್ಟಿಸಿದ್ದೂ ಇರಬಹುದು, ಈ ಸೀಮೆಯಲ್ಲಿ ಅಂಥ ಗುಡಿಗಳು ಬಹಳ. ಆಗ ಊರಿನವರ ಹೆಮ್ಮೆ ಕಡಿಮೆಯಾಗಬೇಕಿಲ್ಲ. ಅರಸನ ಖಜಾನೆಯಿಂದಲ್ಲ, ಊರ ಮಂದಿಯ ಕೈಯಿಂದ ಎದ್ದ ಗುಡಿ ಎಂದು ಬರೆಸುವುದು ನನಗಂತೂ ದೊಡ್ಡ ಮಾತು ಎನ್ನಿಸುತ್ತದೆ.

ಹಲಸಿಗೂ ಹೋಗಿ ಬನ್ನಿ, ಭೂವರಾಹ ನರಸಿಂಹ ಗುಡಿ ನೋಡಿ. ಹಲಸಿ ಆ ಮೊದಲೇ, ಬನವಾಸಿಯ ಹಳೆಯ ಕದಂಬರ ಕಾಲದಲ್ಲಿ ಪಲಾಶಿಕೆ ಎಂಬ ಎರಡನೆಯ ರಾಜಧಾನಿ. ಗೋವೆಯ ಶಾಖೆಯವರು ಬಂದದ್ದು ಶತಮಾನಗಳ ನಂತರ. ಕದಂಬರು ಎಂದು ಬರೆಸುವುದೇ ಆದರೆ ಯಾವ ಕದಂಬರು ಎನ್ನುವುದೂ ಬರಬೇಕು.

ಗಚ್ಚುಗಾರೆ

ಬಣ್ಣದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ.

ಕಲ್ಲಿನೊಳಗೆ ತೇವ ಇದ್ದೇ ಇರುತ್ತದೆ. ಬುಡದಿಂದ ಏರುತ್ತದೆ, ಮಳೆಗೆ ಸಂದಿನಿಂದ ಇಳಿಯುತ್ತದೆ. ಆ ನೀರಿನಲ್ಲಿ ಕರಗಿದ ಉಪ್ಪು ಇರುತ್ತದೆ. ಕಲ್ಲಿನ ಮೈ ಬಯಲಾಗಿದ್ದರೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮೇಲೆ ಬಿಳಿಯಾಗಿ ಕೂಡುತ್ತದೆ, ಒರೆಸಿದರೆ ಆಯಿತು. ಆಯಿಲ್ ಪೇಂಟ್ ಆ ದಾರಿ ಮುಚ್ಚುತ್ತದೆ. ಉಪ್ಪು ಬಣ್ಣದ ಹಿಂದೆ, ಕಲ್ಲಿನ ಮೇಲ್ಪದರದ ಒಳಗೇ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಪದರವನ್ನು ಒಳಗಿನಿಂದ ಒತ್ತುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಬಣ್ಣ ಹಪ್ಪಳದಂತೆ ಏಳುತ್ತದೆ, ಏಳುವಾಗ ಕೇಸರದ ಗೆರೆಗಳನ್ನೂ ಕಿತ್ತುಕೊಂಡು ಬರುತ್ತದೆ. ಆಮೇಲೆ ಅದರ ಮೇಲೆ ಮತ್ತೊಂದು ಕೋಟಿಂಗು. ಹೀಗೆ ಮುಖವೇ ಇಲ್ಲದಂತಾದ ದ್ವಾರಪಾಲಕರು ನಮ್ಮ ಜಿಲ್ಲೆಯ ಎಷ್ಟೋ ಗುಡಿಗಳಲ್ಲಿದ್ದಾರೆ.

ಸೇವಕರೇ, ನಿಮ್ಮ ಅಜ್ಜನ ಕಾಲದ ಸುಣ್ಣ ಅಂಥ ಹಾನಿ ಮಾಡಿಲ್ಲ. ಸುಣ್ಣದ ಪದರದಿಂದ ತೇವ ಹೊರಗೆ ಹೋಗಲು ದಾರಿ ಇರುತ್ತದೆ, ಬೇಕೆಂದಾಗ ತೆಗೆಯಲೂ ಬರುತ್ತದೆ. ಗೆರೆ ಮುಚ್ಚಿದೆ, ಗೆರೆ ತಿಂದಿಲ್ಲ. ಆ ಸೇವೆಯ ಕೆಳಗೆ ಅಕ್ಷರಗಳು ಭದ್ರವಾಗಿ ಉಳಿದಿರುವುದು ಸಾಧ್ಯ.

ಅದನ್ನು ಈಗ ತೆಗೆಯುವ ಆತುರವೂ ಬೇಡ. ಕಬ್ಬಿಣದ ಬ್ರಶ್ಶು, ಆಸಿಡ್, ಕಾರು ತೊಳೆಯುವ ಪ್ರೆಶರ್ ಪಂಪು, ಮರಳು ಊದುವ ಯಂತ್ರ, ಈ ನಾಲ್ಕನ್ನು ಗುಡಿಯ ಹತ್ತಿರ ಬಿಡಬೇಡಿ. ಮರಳು ಊದಿದರೆ ಕಲ್ಲು ಹೊಸದಾಗಿ ಕಾಣುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಕೆತ್ತನೆಯ ಮೇಲಿನ ಪದರ ಹೋಗಿರುವುದರಿಂದಲೇ ಅದು ಹೊಸದಾಗಿ ಕಾಣುವುದು. ಸಂದುಗಳಿಗೆ ಸಿಮೆಂಟೂ ಹಾಕಿಸಬೇಡಿ. ಕಲ್ಲಿಗಿಂತ ಸಿಮೆಂಟು ಬಿರುಸಾದರೆ ಒಡೆಯುವುದು ಕಲ್ಲು. ಸುಣ್ಣದ ಗಾರೆಯೇ ಸರಿ.

ಗುಡಿ ಸೇವಕ

ಗಚ್ಚುಗಾರೆಯವರ ಮಾತು ಸಮಾಧಾನದಿಂದ ಓದಿದೆ. ಸುಣ್ಣದ ಬಗ್ಗೆ ಹೇಳಿದ್ದು ಕಮಿಟಿ ಹಿರಿಯರಿಗೂ ಓದಿ ಹೇಳಿದೆ, ಅವರಿಗೆ ಭಾಳ ಹಿಡಿಸ್ತು. ಕಲ್ಲಿಗೆ ಪೇಂಟ್ ಬ್ಯಾಡ ಅನ್ನೂದಕ್ಕ ಈಗ ಯಾರ ತಕರಾರೂ ಇಲ್ಲ. ಆದ್ರ ಮಹಾದ್ವಾರದ ಸಿಂಹಕ್ಕ ಆರ್ಡರ್ ಆಗೇತಿ. ಅದು ಹೊಸ ಸಿಮೆಂಟಿನ ಕಮಾನು. ಅದರ ಮ್ಯಾಲ ಸಿಂಹ ಕೂಡಸಿದ್ರ ನಿಮಗೇನು ತ್ರಾಸ?

ಇನ್ನೊಂದು, ಪುರಾತತ್ವ ಇಲಾಖೆಯವರು ಬಂದು ಗುಡಿ ಹಿಡಕೋತಾರ, ಮನಿ ಕಟ್ಟಾಕ ಬಿಡೂದಿಲ್ಲ ಅಂತ ಊರಾಗ ಅಂಜಿಕೆ ಹುಟ್ಟೇತಿ. ಖರೇನ?

ಬಾದಾಮಿ ಬಾಯಿ

ಸಿಂಹ ಕೂಡಸ್ರಿ ಅಣ್ಣಾರ, ಚಂದ ಕಾಣ್ತೈತಿ. ‘ಕದಂಬ ಅರಸರು ಕಟ್ಟಿಸಿದ’ ಅನ್ನೂ ಸಾಲು ಮಾತ್ರ ಶಾಸನ ಓದೂ ತನಕ ಬಿಡ್ರಿ. ಬರೇ ದೇವರ ಹೆಸರು, ಊರ ಹೆಸರು ಸಾಕು.

ಗಚ್ಚುಗಾರೆ

ಕಾನೂನಿನ ಅಂಜಿಕೆ ಬಗ್ಗೆ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ ಸಂರಕ್ಷಿತ ಸ್ಮಾರಕ ಎಂದು ಅಧಿಸೂಚನೆ ಹೊರಡಿಸಿದ ಕಟ್ಟಡಗಳಿಗೆ 1958ರ ಕಾಯ್ದೆ ಇದೆ. 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮ ಗುಡಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಒಬ್ಬರು ಬಂದು ಶಾಸನದ ಪಡಿಯಚ್ಚು (ಕಾಗದದ ಮೇಲೆ ಅಕ್ಷರಗಳ ಮಸಿ ಪ್ರತಿ) ತೆಗೆದ ಮಾತ್ರಕ್ಕೆ ಇದು ಯಾವುದೂ ಜಾರಿಗೆ ಬರುವುದಿಲ್ಲ. ಕಮಾನಿನ ತಳಪಾಯ ಅಗೆಯುವಾಗ ಕೆತ್ತನೆಯ ಕಲ್ಲೋ ಮೂರ್ತಿಯೋ ಸಿಕ್ಕರೆ ಮಾತ್ರ ಅಲ್ಲಿಗೇ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಿ. ಕಮಾನಿನ ಗುಂಡಿಯನ್ನು ಹಳೆಯ ಮುಖಮಂಟಪ ಇದ್ದಿರಬಹುದಾದ ಜಾಗದಿಂದ ದೂರ ತೋಡಿಸಿದರೆ ಇನ್ನೂ ಒಳ್ಳೆಯದು.

ಮಲಪ್ರಭಾ ದಂಡಿ

ಚಾಣದ ಗೆರಿಯವರು ಹೇಳಿದಂಗ ಊರಾಗ ಹುಡುಗರನ್ನ ಕರಕೊಂಡು ಹುಡುಕಿದೆ. ಗುಡಿ ಮುಂದಿನ ಫರ್ಸಿಯ ಅಂಚಿನಾಗ ಎರಡು ಚೌಕ ಕುಳಿ ಅದಾವ, ಉಳದ ಭಾಗ ಸಿಮೆಂಟಿನ ಕೆಳಗ ಹೋಗೇತಿ. ಹಳೇ ಬಾವಿಯ ಮೆಟ್ಟಲದಾಗ ಅದ ಹಸರು ಕಲ್ಲಿನ ಒಂದು ತುಂಡು ಐತಿ. ಅದರ ಮ್ಯಾಲ ಅದ ಅಳತಿಯ ಚೌಕಟ್ಟು, ಒಳಗ ಆನಿ. ಬಾವಿಯವರ ಮನಿ ಹಿರಿಯರು ಆ ಕಲ್ಲು ಗುಡಿಯಿಂದ ಬಂದಿದ್ದ ಅಂದ್ರು.

ಚಾಣದ ಗೆರಿ (ಖಾನಾಪುರ)

ಹಂಗಾದ್ರ ಕಕ್ಷಾಸನದ ಪಟ್ಟಿ ಅನ್ನೂದಕ್ಕ ಬಲ ಬಂತು. ಕಲ್ಲು ಕೀಳಬ್ಯಾಡ್ರಿ. ಮೆಟ್ಟಲಿನ ಕಲ್ಲು ಸಡಲಿಸಿದ್ರ ಬಾವಿ ಗೋಡಿ ಕುಸೀತೈತಿ. ಎರಡೂ ಕಲ್ಲಿನ ಎತ್ತರ, ಚೌಕಟ್ಟಿನ ಅಗಲ, ಗೆರಿಯ ದಪ್ಪ ಟೇಪ್ ಹಿಡದು ಬರಕೋರಿ. ಚೌಕಟ್ಟಿನ ಗೆರಿ ತಾಳೆ ಆದ್ರ ಎರಡೂ ಒಂದ ಮನಿ ಕಲ್ಲು.

ಬಾರಾಕಮಾನ್ (ವಿಜಯಪುರ)

ದಂಡಿಯವರ, ಫೋಟೋ ಮಧ್ಯಾಹ್ನದ ಬಿಸಲಾಗ ತಗದೀರಿ, ಕೆತ್ತನಿ ಚಪ್ಪಟೆ ಕಾಣತೈತಿ. ರಾತ್ರಿ ಒಂದು ಟಾರ್ಚನ್ನ ಗೋಡಿಗೆ ತಾಗಿಸಿ ಓರೆಯಾಗಿ ಹಿಡದು ತಗೀರಿ. ಅಕ್ಷರದ ನೆರಳು ಎದ್ದು ಬರತೈತಿ. ಅಕ್ಷರಕ್ಕ ಹಿಟ್ಟು, ಸೀಮೆಸುಣ್ಣ ತಿಕ್ಕಾಕ ಯಾರಿಗೂ ಬಿಡಬ್ಯಾಡ್ರಿ.

ಶಾಸನದ ಓದು (ಧಾರವಾಡ)

ಟಾರ್ಚಿನ ಫೋಟೋ ಬಂದಿದೆ, ನೋಡಿದೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಹಸು ಕರು. ಇವು ಯಾರ ಲಾಂಛನವೂ ಅಲ್ಲ. ಈ ದಾನ ಸೂರ್ಯಚಂದ್ರರಿರುವವರೆಗೂ ನಡೆಯಲಿ ಎಂದು ದಾನಶಾಸನಗಳ ಮೇಲೆ ಕೆತ್ತುವ ಗುರುತುಗಳು. ಆದ್ದರಿಂದ ಗುಡಿಗೆ ಭೂಮಿಯೋ ತೋಟವೋ ಬಿಟ್ಟ ದಾಖಲೆ ಇದು ಎನ್ನಬಹುದು. ಹಳಗನ್ನಡ ಅಕ್ಷರ, 12ನೆಯ ಶತಮಾನದ ಆಸುಪಾಸಿನ ದುಂಡು ಬರವಣಿಗೆ. ಮೊದಲ ಸಾಲುಗಳು ಸುಣ್ಣದಲ್ಲಿ ಹೂತಿವೆ. ಅರಸನ ಬಿರುದುಗಳು ಬರುವುದು ಅಲ್ಲಿಯೇ. ಅಲ್ಲಿ ಸಿಂಹ ಲಾಂಛನ ಬಂದರೆ ಒಂದು ಮಾತು, ಸಿಂಧೂರ ಲಾಂಛನ ಬಂದರೆ ಇನ್ನೊಂದು ಮಾತು.

ನಮ್ಮ ಗುರುಗಳ ಜೊತೆ ಮಾತಾಡಿದ್ದೇನೆ. ಜಾತ್ರೆ ಮುಗಿದ ಮೇಲೆ ಬಂದು ಪಡಿಯಚ್ಚು ತೆಗೆಯುತ್ತೇವೆ. ತೊಯಿಸಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಶ್ಶಿನಿಂದ ಬಡಿದು, ತೇವ ಸ್ವಲ್ಪ ಆರಿದ ಮೇಲೆ ಮಸಿ ಒತ್ತುವುದು. ಅದಕ್ಕೂ ಮೊದಲು ಸುಣ್ಣ ಸಡಿಲಿಸಬೇಕು. ಆ ಕೆಲಸಕ್ಕೆ ಗಚ್ಚುಗಾರೆಯವರು ಜೊತೆಗೆ ಬಂದರೆ ಅನುಕೂಲ. ಕಮಿಟಿಯಿಂದಲೂ ಗ್ರಾಮ ಪಂಚಾಯತಿಯಿಂದಲೂ ಒಂದೊಂದು ಒಪ್ಪಿಗೆ ಪತ್ರ ಬೇಕು.

ಗಚ್ಚುಗಾರೆ

ಬರುತ್ತೇನೆ. ಬಿದಿರಿನ ಚಕ್ಕೆ, ಮೆತ್ತನೆಯ ನೈಲಾನ್ ಬ್ರಶ್ಶು ನನ್ನ ಹತ್ತಿರ ಇವೆ. ನೀರಿನ ವ್ಯವಸ್ಥೆ ಊರಿನವರು ಮಾಡಲಿ.

ಗುಡಿ ಸೇವಕ

ನೀರು, ಊಟ, ಇರಾಕ ಜಾಗ ಎಲ್ಲಾ ನಮ್ಮದು. ಕಮಿಟಿ ಪತ್ರಕ್ಕ ಸೋಮವಾರ ಸಹಿ ಆಗತೈತಿ. ಮಹಾದ್ವಾರದ ಮ್ಯಾಲ ಸಿಂಹ ಇರತೈತಿ, ಕೆಳಗಿನ ಸಾಲಿನ ಜಾಗ ಖಾಲಿ ಬಿಡಸ್ತೇವಿ. ಶಾಸನದಾಗ ಊರ ಹೆಸರು ಹಳೇ ಕಾಲದಾಗ ಹೆಂಗಿತ್ತು ಅಂತ ಇದ್ರ ಅದನ್ನ ಮೊದಲ ಹೇಳ್ರಿ, ಹಿರಿಯರು ಅದನ್ನ ಕೇಳಾಕತ್ತಾರ.